ಅಂಚೆ ಮತ ಯಾರಿಗೆ, ಬೂತಿನ ಕ್ಯೂ ಯಾರಿಗೆ

2023ರ ಮೇ ಮೊದಲ ವಾರ. ತಿಪಟೂರು ಕಡೆಯ ನಮ್ಮೂರಲ್ಲಿ ಅಜ್ಜಿಯ ಮನೆ ಮುಂದೆ ಒಂದು ಜೀಪು ಬಂದು ನಿಂತಿತು. ಇಬ್ಬರು ಚುನಾವಣಾ ಸಿಬ್ಬಂದಿ, ಒಬ್ಬ ಪೊಲೀಸು, ಕ್ಯಾಮೆರಾ ಹಿಡಿದ ಒಬ್ಬ ಹುಡುಗ, ದಾರಿ ತೋರಿಸೋಕೆ ಊರಿನ ಬಿಎಲ್‌ಒ, ಅಂದರೆ ನಮ್ಮ ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವ ಅಧಿಕಾರಿ, ಇಳಿದರು. ಜಗಲಿ ಮೇಲೆ ರಟ್ಟಿನ ಮರೆಯೊಂದನ್ನು ಬಿಚ್ಚಿ ನಿಲ್ಲಿಸಿದರು. ಅಜ್ಜಿಗೆ ಆಗ 82. ಮಂಡಿ ಹಿಡಿದುಕೊಂಡೇ ಬಂದು ಕೂತಳು. "ಮಿಷನ್ ಎಲ್ಲಪ್ಪಾ?" ಅಂದಳು. ಮಿಷನ್ ಇರಲಿಲ್ಲ, ಕಾಗದದ ಮತಪತ್ರ ಇತ್ತು. ಮರೆಯ ಹಿಂದೆ ಕೂತು ಪೆನ್ನಿನಲ್ಲಿ ಗುರುತು ಹಾಕಿದಳು. ಸಣ್ಣ ಕವರಿಗೆ ಅದನ್ನು ಹಾಕಿ ಅಂಟಿಸಿ, ಸಹಿ ಮಾಡಿದ ಘೋಷಣೆಯ ಜೊತೆ ದೊಡ್ಡ ಕವರಿಗೆ ಹಾಕಿ ಕೊಟ್ಟಳು. ಎಲ್ಲ ಸೇರಿ ಕಾಲು ಗಂಟೆ. ಬಂದವರಿಗೆ ಮಜ್ಜಿಗೆ ಕೊಡೋಕೆ ಹೋದರೆ, ಬೇಡಮ್ಮ, ವಿಡಿಯೊ ಆಗ್ತಾ ಇದೆ ಅಂತ ನಕ್ಕರು.

ಮುಂದಿನ ವರ್ಷ ಲೋಕಸಭೆ ಚುನಾವಣೆ. ಅಜ್ಜಿ ಮತ್ತೆ ಜೀಪು ಕಾದಳು. ಬರಲಿಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿ, ಮನೆಯಿಂದ ಮತ ಹಾಕುವ ವಯಸ್ಸನ್ನು 80ರಿಂದ 85ಕ್ಕೆ ಏರಿಸಿತ್ತು. ಅಜ್ಜಿಗೆ 83. "ಹೋದ್ಸಲ ಮುದುಕಿ ಆಗಿದ್ದೆ, ಈ ಸಲ ಮತ್ತೆ ಹುಡುಗಿ ಆದ್ನಾ?" ಅಂತ ಬಿಎಲ್‌ಒನ ಕೇಳಿದಳಂತೆ. ಆಮೇಲೆ ಏಪ್ರಿಲ್ 26ರಂದು ಆಟೊದಲ್ಲಿ ಶಾಲೆಯ ಬೂತಿಗೆ ಹೋಗಿ ವೋಟು ಹಾಕಿ ಬಂದಳು.

ಅಂಚೆ ಮತ ಯಾರಿಗೆ ಸಿಗುತ್ತದೆ, ಯಾಕೆ ಸಿಗುತ್ತದೆ ಅಂತ ನಾನು ಓದೋಕೆ ಶುರು ಮಾಡಿದ್ದು ಅವಳ ಈ ಪ್ರಶ್ನೆಯಿಂದ. ಓದಿದಷ್ಟೂ ಒಂದು ವಿಷಯ ಎದ್ದು ಕಂಡಿತು. ನಮ್ಮಲ್ಲಿ ಅಂಚೆ ಮತ ಇರುವುದು ಊರಿಂದ ದೂರ ಇರುವವರಿಗಲ್ಲ. ಸರ್ಕಾರವೇ ಕೆಲಸದ ಮೇಲೆ ದೂರ ಕಳಿಸಿದವರಿಗೆ ಮತ್ತು ಮನೆಯಿಂದ ಹೊರಗೆ ಬರೋಕೆ ಆಗದವರಿಗೆ. ಹೊಟ್ಟೆಪಾಡಿಗೆ ದೂರ ಹೋದವನು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ವಿಧಾನಸಭೆ ಚುನಾವಣೆ ಬಂದಾಗಲೆಲ್ಲ "ಪೋಸ್ಟಲ್‌ನಲ್ಲಿ ಹಾಕಬಹುದಲ್ವಾ?" ಅಂತ ಬೆಂಗಳೂರಿನಲ್ಲಿರುವ ಎಷ್ಟೋ ಜನ ಕೇಳುತ್ತಾರೆ. ಉತ್ತರ ಹೆಚ್ಚಾಗಿ ಇಲ್ಲ ಅಂತಲೇ.

ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ ಅನ್ನಿ. ಅಜ್ಜಿಯ ಅಂಚೆ ಮತ ಅಂಚೆ ಡಬ್ಬಿಯನ್ನು ನೋಡಲೇ ಇಲ್ಲ, ಜೀಪಿನಲ್ಲಿ ಹೋಯಿತು. ಯಂತ್ರದ ಬದಲು ಕಾಗದದಲ್ಲಿ, ಬೂತಿಗೆ ಹೋಗದೆಯೇ ಹಾಕುವ ಮತಕ್ಕೆಲ್ಲ ನಮ್ಮಲ್ಲಿ ಇದೇ ಹೆಸರು.

ಮನೆಯಿಂದ ಮತ ಹಾಕುವ ಈ ಪದ್ಧತಿ ಹೊಸದು. 2019ರ ಅಕ್ಟೋಬರ್‌ನಲ್ಲಿ ನಿಯಮ ತಿದ್ದಿದರು, ಆ ವರ್ಷದ ಜಾರ್ಖಂಡ್ ಚುನಾವಣೆಯಲ್ಲಿ ಕೆಲವು ಕ್ಷೇತ್ರಗಳಲ್ಲಿ ಮೊದಲು ನೋಡಿದರು. ಕರ್ನಾಟಕದ ವಿಧಾನಸಭೆ ಚುನಾವಣೆಗೆ ಅದು ಬಂದದ್ದು 2023ರಲ್ಲಿ. ಆಗ ರಾಜ್ಯದಲ್ಲಿ 80 ದಾಟಿದ ಮತದಾರರು ಸುಮಾರು 12 ಲಕ್ಷ ಇದ್ದರು. ಮನೆಯಿಂದ ಹಾಕುತ್ತೇವೆ ಅಂತ ಹೆಸರು ಕೊಟ್ಟವರು, ಅಂಗವಿಕಲರನ್ನೂ ಸೇರಿಸಿ, ಲಕ್ಷದ ಆಸುಪಾಸು. ಉಳಿದವರಲ್ಲಿ ಎಷ್ಟೋ ಜನ ಕೋಲು ಊರಿಕೊಂಡು, ಮೊಮ್ಮಕ್ಕಳ ಭುಜ ಹಿಡಿದುಕೊಂಡು ಬೂತಿಗೇ ಬಂದರು. ಹಳ್ಳಿಯಲ್ಲಿ ವೋಟಿನ ದಿನ ಅಂದರೆ ನಾಲ್ಕು ಜನ ಸಿಗುವ ದಿನ. ಅದನ್ನು ಬಿಡೋಕೆ ಯಾರಿಗೆ ಮನಸ್ಸು ಬರುತ್ತದೆ?

ಆದರೆ ಅರ್ಜಿ ಹಾಕದೇ ಇದ್ದದ್ದಕ್ಕೆ ಇನ್ನೊಂದು ಕಾರಣವೂ ಇದೆ ಅಂತ ನನ್ನ ಅನಿಸಿಕೆ. ಇದಕ್ಕೆ ಬೇಕಾದ ಅರ್ಜಿ ನಮೂನೆ 12ಡಿ. ಚುನಾವಣೆಯ ಅಧಿಸೂಚನೆ ಹೊರಟ ಐದು ದಿನದೊಳಗೆ ಅದು ಚುನಾವಣಾಧಿಕಾರಿಯ ಕೈ ಸೇರಬೇಕು. 2023ರಲ್ಲಿ ಅಧಿಸೂಚನೆ ಬಂದದ್ದು ಏಪ್ರಿಲ್ 13ಕ್ಕೆ, ಅಂದರೆ 17ಕ್ಕೆ ಬಾಗಿಲು ಮುಚ್ಚಿತು. ನಾಮಪತ್ರ ಸಲ್ಲಿಸುವ ಕೊನೇ ದಿನ 20, ವಾಪಸ್ ಪಡೆಯುವ ಕೊನೇ ದಿನ 24. ಅಂದರೆ ಕಣದಲ್ಲಿ ಯಾರ್ಯಾರು ಉಳಿಯುತ್ತಾರೆ ಅಂತ ಗೊತ್ತಾಗುವ ಮೊದಲೇ, ನಾನು ಮನೆಯಿಂದ ಹಾಕುತ್ತೇನೋ ಬೂತಿಗೆ ಹೋಗುತ್ತೇನೋ ಅಂತ ಅಜ್ಜಿ ನಿರ್ಧಾರ ಮಾಡಬೇಕು. ಆ ಹೊತ್ತಿಗೆ ಊರಲ್ಲಿ ಪ್ರಚಾರದ ಮೈಕೇ ಶುರುವಾಗಿರುವುದಿಲ್ಲ. ಬಿಎಲ್‌ಒ ಮನೆಗೆ ಬಂದು ಅರ್ಜಿ ಕೊಟ್ಟು, ವಾಪಸ್ ತಗೊಂಡು ಹೋಗಬೇಕು ಅನ್ನುವ ನಿಯಮವೇನೋ ಇದೆ. ನಮ್ಮ ಬಿಎಲ್‌ಒ ಬಂದರು. ಎಲ್ಲ ಕಡೆ ಹಾಗೇ ಆಗುತ್ತದೆ ಅಂತ ಕೂರಬೇಡಿ. ಮನೆಯಲ್ಲಿ 85 ದಾಟಿದವರಿದ್ದರೆ ಚುನಾವಣೆ ಘೋಷಣೆ ಆದ ದಿನವೇ ಬಿಎಲ್‌ಒಗೆ ಫೋನು ಹೊಡೆದುಬಿಡಿ. ಅಂಗವಿಕಲರಿಗೆ ವಯಸ್ಸಿನ ಮಿತಿ ಇಲ್ಲ. ಕನಿಷ್ಠ 40 ಪರ್ಸೆಂಟ್ ವೈಕಲ್ಯ ಇದೆ ಅನ್ನುವ ಪ್ರಮಾಣಪತ್ರವನ್ನು ಅರ್ಜಿ ಜೊತೆ ಕೊಡಬೇಕು.

ಅರ್ಜಿ ಒಪ್ಪಿಗೆ ಆಯಿತು ಅಂದರೆ ಮತದಾರರ ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಅಂಚೆ ಮತ ಅಂತ ಗುರುತು ಬೀಳುತ್ತದೆ. ಆಮೇಲೆ ಮನಸ್ಸು ಬದಲಿಸಿ ಬೂತಿಗೆ ಹೋದರೆ ಯಂತ್ರದಲ್ಲಿ ಹಾಕೋಕೆ ಬಿಡುವುದಿಲ್ಲ. ತಂಡ ಯಾವತ್ತು ಬರುತ್ತದೆ ಅಂತ ಮೊದಲೇ ತಿಳಿಸುತ್ತಾರೆ, ಆ ದಿನ ನೀವು ಇಲ್ಲದಿದ್ದರೆ ಇನ್ನೊಂದು ಸಲ ಬರುತ್ತಾರೆ. ಆಗಲೂ ಸಿಗದಿದ್ದರೆ ಆ ಸಲದ ವೋಟು ಹೋಯಿತು ಅಂತಲೇ ಲೆಕ್ಕ. ಅಜ್ಜಿಯನ್ನು ಮಗಳ ಮನೆಗೆ ಕಳಿಸುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ಮುಂದಿನವರು ಚುನಾವಣೆ ನಡೆಸುವವರೇ. 2023ರಲ್ಲಿ ರಾಜ್ಯದಲ್ಲಿ 58 ಸಾವಿರ ದಾಟಿ ಮತಗಟ್ಟೆಗಳಿದ್ದವು. ಒಂದೊಂದಕ್ಕೆ ನಾಲ್ಕು ಜನ ಅಂದರೂ ಎರಡು ಲಕ್ಷಕ್ಕಿಂತ ಜಾಸ್ತಿ ಆಯಿತು. ಮೇಷ್ಟ್ರು, ಪಿಡಿಒ, ಕಂದಾಯ ಇಲಾಖೆಯವರು, ಪೊಲೀಸರು, ಡ್ರೈವರುಗಳು. ವಿಧಾನಸಭೆ ಚುನಾವಣೆಯಲ್ಲಿ ಇವರನ್ನು ಸಾಮಾನ್ಯವಾಗಿ ತಮ್ಮ ಕ್ಷೇತ್ರದಿಂದ ಹೊರಗೆ ಹಾಕುತ್ತಾರೆ. ಮಸ್ಟರಿಂಗ್ ದಿನ, ಅಂದರೆ ಯಂತ್ರ ಪಡೆಯುವ ದಿನ, ಪೆಟ್ಟಿಗೆ ಹೊತ್ತು ಹೊರಟರೆ, ಮತದಾನ ಆದಮೇಲೆ ಅದನ್ನು ವಾಪಸ್ ಒಪ್ಪಿಸುವ ಡಿಮಸ್ಟರಿಂಗ್ ಮುಗಿಸಿ ಮನೆ ಸೇರುವುದು ಮಾರನೇ ದಿನ ಬೆಳಗಿನ ಜಾವ. ಅದಕ್ಕೇ ತರಬೇತಿ ಸಮಯದಲ್ಲೇ ನಮೂನೆ 12 ತುಂಬಿಸಿಕೊಂಡು ಅಂಚೆ ಮತಪತ್ರ ಕೊಡುತ್ತಾರೆ. ಡ್ಯೂಟಿ ತಮ್ಮ ಕ್ಷೇತ್ರದಲ್ಲೇ ಬಿದ್ದರೆ ಇಡಿಸಿ ಅನ್ನುವ ಚುನಾವಣಾ ಡ್ಯೂಟಿಯ ಪ್ರಮಾಣಪತ್ರ ಸಿಗುತ್ತದೆ, ಅದನ್ನು ತೋರಿಸಿ ಡ್ಯೂಟಿ ಮಾಡುವ ಬೂತಿನ ಯಂತ್ರದಲ್ಲೇ ಹಾಕಬಹುದು. ಹಿಂದೆ ಈ ಮತಪತ್ರವನ್ನು ಮನೆಗೆ ತಗೊಂಡು ಹೋಗಿ, ಎಣಿಕೆಗೆ ಮೊದಲು ಯಾವಾಗಲಾದರೂ ಕಳಿಸಬಹುದಿತ್ತು. ಕೈಯಲ್ಲಿ ಖಾಲಿ ಮತಪತ್ರ ಅಷ್ಟು ದಿನ ಇದ್ದರೆ ಯಾರ ಕಣ್ಣು ಬೀಳುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. 2023ರ ಆಗಸ್ಟ್‌ನಲ್ಲಿ ನಿಯಮ ತಿದ್ದಿ, ಅದಕ್ಕಾಗಿಯೇ ಇರುವ ಕೇಂದ್ರದಲ್ಲಿ ಪಡೆದು ಅಲ್ಲೇ ಹಾಕಿ ಅಲ್ಲೇ ಕೊಡಬೇಕು ಅಂತ ಮಾಡಿದರು. ಒಳ್ಳೆಯ ಕೆಲಸ.

ಕರೆಂಟು, ಆಂಬುಲೆನ್ಸು, ಅಗ್ನಿಶಾಮಕದಂಥ ಕಡೆ ಆ ದಿನ ಕೆಲಸದ ಮೇಲಿರುವವರಿಗೂ ಈಗ ಅವಕಾಶ ಇದೆ. ಯಾವ ಯಾವ ಸೇವೆ ಅಂತ ಚುನಾವಣಾ ಆಯೋಗ ಆಯಾ ಚುನಾವಣೆಗೆ ಪಟ್ಟಿ ಹೊರಡಿಸುತ್ತದೆ. ಅವರ ಅರ್ಜಿಯೂ 12ಡಿ, ಗಡುವೂ ಅದೇ ಐದು ದಿನ. ಮುನ್ನೆಚ್ಚರಿಕೆಯ ಬಂಧನದಲ್ಲಿ ಇರುವವರಿಗೂ ಅಂಚೆ ಮತ ಉಂಟು. ಜೈಲಿನಲ್ಲಿರುವ ಉಳಿದ ಕೈದಿಗಳಿಗೆ, ವಿಚಾರಣೆ ಮುಗಿಯದವರೂ ಸೇರಿ, ಮತವೇ ಇಲ್ಲ.

ಸೈನಿಕರ ವಿಷಯ ಕೊಡಗಿನ, ಬೆಳಗಾವಿ ಕಡೆಯ ಎಷ್ಟೋ ಮನೆಗಳಿಗೆ ಗೊತ್ತು. 2016ರಿಂದ ಅವರ ಮತಪತ್ರ ಕಂಪ್ಯೂಟರ್ ಮೂಲಕವೇ ಹೋಗುತ್ತದೆ. ಹೋಗುವುದು ಮಾತ್ರ ಕಂಪ್ಯೂಟರಿನಲ್ಲಿ. ಗಡಿಯಲ್ಲಿ ಅದನ್ನು ಪ್ರಿಂಟ್ ತೆಗೆದು, ಗುರುತು ಹಾಕಿ, ಸ್ಟಾಂಪಿಲ್ಲದ ಕವರಿನಲ್ಲಿ ಪೋಸ್ಟ್ ಮಾಡಬೇಕು. ಎಣಿಕೆ ದಿನ ಬೆಳಗ್ಗೆ ಎಣಿಕೆ ಶುರುವಾಗುವ ಮೊದಲು ಅದು ಬಂದಿರಬೇಕು. ನಿಜವಾಗಿ ಅಂಚೆಯಲ್ಲಿ ಬರುವ ಮತ ಅಂದರೆ ಇದೊಂದೇ ಅನ್ನಬಹುದು.

ಈ ಕವರುಗಳ ಕಥೆ ಎಣಿಕೆ ಟೇಬಲ್ಲಿನ ಮೇಲೆ ಮುಗಿಯುತ್ತದೆ. ಅಲ್ಲೇ ರೋಚಕ ಆಗುವುದೂ ಉಂಟು. ಅಂಚೆ ಮತಗಳನ್ನು ಮೊದಲು ಎಣಿಕೆಗೆ ತೆಗೆದುಕೊಳ್ಳುತ್ತಾರೆ. ಟಿವಿಯಲ್ಲಿ ಬೆಳಗ್ಗೆ ಎಂಟೂಕಾಲಿಗೆ "ಮುನ್ನಡೆ" ಅಂತ ಕೂಗುವುದು ಇವನ್ನೇ ನೋಡಿ. ದೊಡ್ಡ ಕವರು ತೆರೆದು ಮೊದಲು ಘೋಷಣೆ ನೋಡುತ್ತಾರೆ. ಘೋಷಣೆ ಇಲ್ಲ, ಸಹಿ ಇಲ್ಲ, ಅಧಿಕಾರಿಯ ದೃಢೀಕರಣ ಸರಿ ಇಲ್ಲ, ಮತಪತ್ರದ ನಂಬರು ಹೊಂದುತ್ತಿಲ್ಲ ಅಂದರೆ ಒಳಗಿನ ಕವರನ್ನು ತೆರೆಯುವುದೇ ಇಲ್ಲ. ಮತ ಯಾರಿಗೆ ಹಾಕಿದ್ದರೂ ಅಷ್ಟೇ, ಪಕ್ಕಕ್ಕೆ ಹೋಯಿತು. ಯಂತ್ರದಲ್ಲಿ ಹಾಕಿದ ಮತ ಹೀಗೆ ತಿರಸ್ಕೃತ ಆಗುವ ಪ್ರಶ್ನೆಯೇ ಇಲ್ಲ. ಚುನಾವಣೆ ನಡೆಸೋದು ಹೇಗೆ ಅಂತ ತರಬೇತಿ ಪಡೆದವರ ಮತವೇ ಒಂದು ಸಹಿಗೆ ಬಿದ್ದುಹೋಗುವುದು ತಮಾಷೆಯೋ ದುರಂತವೋ ಗೊತ್ತಾಗುವುದಿಲ್ಲ.

2023ರ ಮೇ 13ರ ರಾತ್ರಿ ಜಯನಗರದಲ್ಲಿ ನಡೆದದ್ದು ಇದೇ. ರಾಜ್ಯದ ಫಲಿತಾಂಶ ಎಲ್ಲ ಬಂದು ಪಟಾಕಿ ಹೊಡೆದು ಮುಗಿದರೂ ಈ ಒಂದು ಕ್ಷೇತ್ರ ಮುಗಿಯಲಿಲ್ಲ. ಮೊದಲು ತಿರಸ್ಕಾರವಾಗಿದ್ದ ಅಂಚೆ ಮತಗಳನ್ನು ಮತ್ತೆ ನೋಡಬೇಕು ಅಂತ ಜಗಳ, ಎಣಿಕೆ ಕೇಂದ್ರದ ಹೊರಗೆ ಎರಡೂ ಪಕ್ಷದವರ ಜಮಾವಣೆ. ಮರುಪರಿಶೀಲನೆ ಮುಗಿದಾಗ ಬಿಜೆಪಿಯ ಸಿ.ಕೆ. ರಾಮಮೂರ್ತಿ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಎದುರು ಗೆದ್ದದ್ದು 16 ಮತದಿಂದ. ಅದೇ ಚುನಾವಣೆಯಲ್ಲಿ ಶೃಂಗೇರಿಯ ಅಂತರ 201. ಒಂದು ಕ್ಷೇತ್ರದಲ್ಲಿ ಲಕ್ಷದ ಮೇಲೆ ವೋಟು ಬೀಳುವಾಗ ಇದೆಲ್ಲ ಯಾವ ಲೆಕ್ಕ ಅನ್ನಿಸಬಹುದು. ಗೆದ್ದ ಅಂತರಕ್ಕಿಂತ ತಿರಸ್ಕೃತ ಅಂಚೆ ಮತ ಜಾಸ್ತಿ ಇದ್ದರೆ ಅವನ್ನು ಕಡ್ಡಾಯವಾಗಿ ಮತ್ತೆ ನೋಡಬೇಕು ಅಂತ ಆಯೋಗ ಹೇಳಿರುವುದು ಇಂಥ ಕಡೆಗೇ.

ಈಗ ಲೆಕ್ಕದಲ್ಲಿ ಇಲ್ಲದವರ ಕಡೆ ಬರೋಣ.

2023ರಲ್ಲಿ ಮತದಾನ ಇಟ್ಟದ್ದು ಮೇ 10, ಬುಧವಾರ. ವಾರದ ಮಧ್ಯೆ ಇಟ್ಟರೆ ಜನ ಉದ್ದದ ರಜೆ ಹಾಕಿಕೊಂಡು ಟೂರಿಗೆ ಹೋಗುವುದಿಲ್ಲ ಅನ್ನುವುದು ಆಯೋಗದ ಲೆಕ್ಕ. ಬೆಂಗಳೂರಿನ ಐಟಿಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ರಾಯಚೂರಿನಿಂದಲೋ ಬೀದರಿನಿಂದಲೋ ಬಂದು ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುವವನಿಗೆ ಇದೇ ಲೆಕ್ಕ ಉಲ್ಟಾ ಹೊಡೆಯುತ್ತದೆ. ಮಂಗಳವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ನೂಕಾಡಬೇಕು, ಬುಧವಾರ ವೋಟು, ಗುರುವಾರ ವಾಪಸ್ ಬಂದು ಇಳಿಯುವಾಗ ಮೇಸ್ತ್ರಿ ಇನ್ನೊಬ್ಬನನ್ನು ಕೆಲಸಕ್ಕೆ ಹಚ್ಚಿರುತ್ತಾನೆ. ವೀಕೆಂಡ್ ಆಗಿದ್ದರೆ ಒಂದು ದಿನದ ಕೂಲಿಯಾದರೂ ಉಳಿಯುತ್ತಿತ್ತು. ಇಷ್ಟೆಲ್ಲ ಆದಮೇಲೂ ರಾಜ್ಯದಲ್ಲಿ 73 ಪರ್ಸೆಂಟ್ ದಾಟಿ ಮತದಾನ ಆಯಿತು. ಬೆಂಗಳೂರು ನಗರ ಮಾತ್ರ 54ರ ಆಸುಪಾಸಿನಲ್ಲೇ ಉಳಿಯಿತು. ಬೆಂಗಳೂರಿಗರಿಗೆ ಆಸಕ್ತಿ ಇಲ್ಲ ಅಂತ ಪ್ರತಿ ಸಲ ಬೈಯುತ್ತೇವೆ. ಪಟ್ಟಿಯಲ್ಲಿ ಹೆಸರಿದ್ದೂ ಮನೆ ಬದಲಿಸಿ ಹೋದವರು ಅದರಲ್ಲಿ ಎಷ್ಟು ಅನ್ನುವುದನ್ನೂ ನೋಡಬೇಕಲ್ವಾ?

ಕಾನೂನಿನಲ್ಲಿ ಕೂಲಿಯವನಿಗೂ ಸಂಬಳದ ರಜೆ ಇದೆ. 1951ರ ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 135ಬಿ ಪ್ರಕಾರ ಮತದಾರನಾದ ಪ್ರತಿ ಕೆಲಸಗಾರನಿಗೆ, ದಿನಗೂಲಿಯವನನ್ನೂ ಸೇರಿಸಿ, ಆ ದಿನ ರಜೆ ಕೊಡಬೇಕು, ಸಂಬಳ ಹಿಡಿಯುವಂತಿಲ್ಲ. ಕೊಡದ ಮಾಲೀಕನಿಗೆ ದಂಡ ಎಷ್ಟು ಗೊತ್ತಾ? ಹೆಚ್ಚೆಂದರೆ 500 ರೂಪಾಯಿ. ಸುಮ್ನೆ ದಂಡ ಕಟ್ಟಿ ಕೆಲಸ ಮಾಡಿಸಿಕೊಂಡರೇ ಲಾಭ.

ಇದಕ್ಕೊಂದು ದಾರಿ ಹುಡುಕೋಕೆ ಆಯೋಗ 2022ರ ಡಿಸೆಂಬರ್ ಕೊನೆಗೆ ಒಂದು ಹೊಸ ಯಂತ್ರದ ಮಾದರಿ ಸಿದ್ಧವಾಗಿದೆ ಅಂತ ಹೇಳಿತು. ಒಂದೇ ಬೂತಿನಿಂದ 72 ಕ್ಷೇತ್ರಗಳ ಮತ ಹಾಕಬಹುದಾದ ದೂರ ಮತದಾನದ ಯಂತ್ರ. ಬೆಂಗಳೂರಿನ ಪೀಣ್ಯದ ಒಂದು ಬೂತಿನಲ್ಲಿ ಕೂತು ಯಾದಗಿರಿಗೆ, ಸಿಂಧನೂರಿಗೆ ವೋಟು ಹಾಕಿದಂತೆ ಅಂದುಕೊಳ್ಳಿ. 2023ರ ಜನವರಿಯಲ್ಲಿ ಅದನ್ನು ತೋರಿಸೋಕೆ ಪಕ್ಷಗಳನ್ನು ಕರೆದಾಗ ವಿರೋಧ ಪಕ್ಷಗಳು ಒಪ್ಪಲಿಲ್ಲ. ವಲಸಿಗ ಅಂದರೆ ಯಾರು, ಯಾದಗಿರಿಯ ಅಭ್ಯರ್ಥಿಗೆ ಪೀಣ್ಯದಲ್ಲಿ ಏಜೆಂಟ್ ಎಲ್ಲಿಂದ ಬರುತ್ತಾನೆ, ಅಲ್ಲಿ ನೀತಿ ಸಂಹಿತೆ ಹೇಗೆ ಅನ್ನುವ ಪ್ರಶ್ನೆಗಳು ಸುಳ್ಳೇನಲ್ಲ. ಆದರೆ ಪ್ರಶ್ನೆ ಕೇಳಿದವರೂ ಉತ್ತರ ಕೊಡಬೇಕಾದವರೂ ಎದ್ದು ಹೋದಮೇಲೆ ಯಂತ್ರ ಅಲ್ಲೇ ನಿಂತಿತು.

ವಿದೇಶದಲ್ಲಿರುವ ಕನ್ನಡಿಗರ ಕಥೆಯೂ ಹೀಗೇ. ಭಾರತದ ಪಾಸ್‌ಪೋರ್ಟ್ ಬಿಡದವರು ನಮೂನೆ 6ಎ ತುಂಬಿ, ಪಾಸ್‌ಪೋರ್ಟಿನಲ್ಲಿರುವ ಊರಿನ ಪಟ್ಟಿಗೆ ಹೆಸರು ಸೇರಿಸಬಹುದು. 2011ರಿಂದ ಈ ಅವಕಾಶ ಇದೆ. ವೋಟು ಹಾಕೋಕೆ ಮಾತ್ರ ದುಬೈಯಿಂದ ವಿಮಾನ ಹತ್ತಿ ಉಡುಪಿಯ ಬೂತಿಗೆ ಬಂದು ಅಸಲಿ ಪಾಸ್‌ಪೋರ್ಟ್ ತೋರಿಸಬೇಕು. ತಮ್ಮ ಪರವಾಗಿ ಇನ್ನೊಬ್ಬರು ಹಾಕಬಹುದು ಅನ್ನುವ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಪಾಸಾಯಿತು, ರಾಜ್ಯಸಭೆಗೆ ತಲುಪಿ ಮುಗಿಯುವ ಮೊದಲು ಆ ಲೋಕಸಭೆಯೇ ಮುಗಿದುಹೋಯಿತು. ಇತ್ತ ಅಮೆರಿಕದ ಪೌರತ್ವ ತಗೊಂಡು ಕ್ಯಾಲಿಫೋರ್ನಿಯಾದಲ್ಲಿ ಇರುವ ಕನ್ನಡಿಗನಿಗೆ ಅಲ್ಲಿನ ರಾಜ್ಯ ಚುನಾವಣೆಯ ಮತಪತ್ರ ಕೇಳದೆಯೇ ಮನೆಗೆ ಬರುತ್ತದೆ. ಹೆಸರು ನೋಂದಾಯಿಸಿದ ಎಲ್ಲರಿಗೂ ಬರುತ್ತದೆ. ಊಟದ ಟೇಬಲ್ಲಿನ ಮೇಲೆ ತುಂಬಿ, ಸಹಿ ಹಾಕಿ, ಪೋಸ್ಟ್ ಮಾಡಿದರೆ ಆಯಿತು. ಬೇಡ ಅಂದರೆ ಮತಗಟ್ಟೆಗೂ ಹೋಗಬಹುದು. ನಾವೂ ಹಾಗೇ ಮಾಡಿಬಿಡೋಣ ಅಂತ ನಾನು ಹೇಳುವುದಿಲ್ಲ. ಒಂದು ಮನೆಯ ಐದು ಮತಪತ್ರಗಳನ್ನು ಯಜಮಾನನೊಬ್ಬನೇ ಕೂತು ತುಂಬುವ ಮನೆಗಳು ನನ್ನ ಕಣ್ಣ ಮುಂದೆಯೇ ಇವೆ. ಬೂತಿನ ರಟ್ಟಿನ ಮರೆಯ ಹಿಂದೆ ಸೊಸೆ ಒಬ್ಬಳೇ ಇರುತ್ತಾಳೆ. ಆ ಅರ್ಧ ನಿಮಿಷಕ್ಕೆ ಬೆಲೆ ಇದೆ.

ಹಾಗಾಗಿ ನಮ್ಮಲ್ಲಿ ಬಹುಪಾಲು ಜನರಿಗೆ ಉಳಿಯುವುದು ಬೂತೇ. ಅಲ್ಲಿ ನೆನಪಿಡಬೇಕಾದ ಮೊದಲ ಮಾತು, ವೋಟರ್ ಐಡಿ ಇದ್ದ ಮಾತ್ರಕ್ಕೆ ವೋಟು ಇದೆ ಅಂತಲ್ಲ. ಪಟ್ಟಿಯಲ್ಲಿ ಹೆಸರಿರಬೇಕು. ಹೆಸರಿದ್ದು ವೋಟರ್ ಐಡಿ ಕಳೆದಿದ್ದರೆ ಆಧಾರ್, ಡ್ರೈವಿಂಗ್ ಲೈಸೆನ್ಸ್, ಪ್ಯಾನ್, ಪಾಸ್‌ಪೋರ್ಟ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್, ಉದ್ಯೋಗ ಖಾತ್ರಿ ಕಾರ್ಡು ಇವುಗಳಲ್ಲಿ ಒಂದು ಸಾಕು. ಮನೆಗೆ ಬರುವ ವೋಟರ್ ಚೀಟಿ ಬೂತು ಹುಡುಕೋಕೆ ಮಾತ್ರ, ಅದೊಂದನ್ನೇ ಗುರುತಿನ ದಾಖಲೆ ಅಂತ ಒಪ್ಪುವುದಿಲ್ಲ. ಹೆಸರು ಇದೆಯಾ ಅಂತ ಮತದಾನದ ದಿನ ಬೆಳಗ್ಗೆ ನೋಡಿದರೆ ಏನೂ ಮಾಡೋಕೆ ಆಗದು. ನಾಮಪತ್ರ ಸಲ್ಲಿಸುವ ಕೊನೇ ದಿನಕ್ಕೆ ಪಟ್ಟಿ ಮುಚ್ಚುತ್ತದೆ, ಅರ್ಜಿ ಪರಿಶೀಲಿಸೋಕೆ ಅದಕ್ಕಿಂತ ಮೊದಲೇ ಕೊಟ್ಟಿರಬೇಕು. ಮೊದಲ ಸಲ ಸೇರಿಸೋಕೆ ನಮೂನೆ 6, ಮನೆ ಬದಲಿಸಿದರೆ ನಮೂನೆ 8.

ಬೂತಿನ ಒಳಗೆ ಮೊದಲ ಅಧಿಕಾರಿ ಕ್ರಮಸಂಖ್ಯೆ, ಹೆಸರು ಗಟ್ಟಿಯಾಗಿ ಓದುತ್ತಾರೆ. ಅದು ಏಜೆಂಟರಿಗೆ ಕೇಳಿಸಲಿ ಅಂತ. ಊರಿನವರೇ ಆದ ಏಜೆಂಟರು ತಲೆ ಎತ್ತಿ ನೋಡಿ, ಹೌದು ಇವನೇ ಅನ್ನುವಂತೆ ಗೀಟು ಹಾಕಿಕೊಳ್ಳುತ್ತಾರೆ. ಮುಂದೆ ಎಡಗೈ ತೋರುಬೆರಳಿಗೆ ಶಾಯಿ. ದೇಶಕ್ಕೆಲ್ಲ ಆ ಶಾಯಿ ಹೋಗುವುದು ನಮ್ಮ ಮೈಸೂರಿನ ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಿಂದ, 1962ರಿಂದಲೂ. ರಿಜಿಸ್ಟರಿನಲ್ಲಿ ಸಹಿ, ಕೈಗೊಂದು ಚೀಟಿ, ಆಮೇಲೆ ಯಂತ್ರ. ನೀಲಿ ಗುಂಡಿ ಒತ್ತಿದ ಮೇಲೆ ಪಕ್ಕದ ವಿವಿಪ್ಯಾಟ್ ಪೆಟ್ಟಿಗೆಯ ಕಿಟಕಿಯಲ್ಲಿ, ಮತ ಯಾರಿಗೆ ಬಿತ್ತು ಅಂತ ತೋರಿಸುವ ಚೀಟಿ ಏಳು ಸೆಕೆಂಡು ಕಾಣುತ್ತದೆ. ಹೆಚ್ಚಿನವರು ಅದನ್ನು ನೋಡದೇ ಬರುತ್ತಾರೆ, ದಯವಿಟ್ಟು ನೋಡಿ. ಸಂಜೆ ಹೊತ್ತು ಮುಗಿಯುವಾಗ ಕ್ಯೂನಲ್ಲಿ ನಿಂತಿದ್ದರೆ ಸಾಕು, ಚೀಟಿ ಕೊಟ್ಟು ಎಷ್ಟು ಹೊತ್ತಾದರೂ ಹಾಕಿಸುತ್ತಾರೆ.

ನೀವು ಹೋಗುವ ಮೊದಲೇ ನಿಮ್ಮ ಹೆಸರಿನಲ್ಲಿ ಯಾರೋ ಹಾಕಿ ಹೋಗಿದ್ದರೆ ಜಗಳ ಆಡಿ ವಾಪಸ್ ಬರಬೇಡಿ. ಗುರುತು ಸಾಬೀತು ಮಾಡಿದರೆ ಕಾಗದದ ಮತಪತ್ರ ಕೊಡುತ್ತಾರೆ. ಅದಕ್ಕೆ ಟೆಂಡರ್ಡ್ ವೋಟು ಅಂತಾರೆ. ಆದರೆ ಒಂದು ಸತ್ಯ ಗೊತ್ತಿರಲಿ. ಅದನ್ನು ಎಣಿಕೆ ದಿನ ಎಣಿಸುವುದಿಲ್ಲ. ಬೇರೆ ಕವರಿನಲ್ಲಿ ಮುಚ್ಚಿಡುತ್ತಾರೆ. ಮುಂದೆ ಯಾರಾದರೂ ಕೋರ್ಟಿಗೆ ಹೋದರೆ ಮಾತ್ರ ಅದು ಬೆಳಕಿಗೆ ಬರುವ ಸಾಧ್ಯತೆ. ಒಂದು ವೋಟಿನಿಂದ ಏನಾಗುತ್ತದೆ ಅನ್ನಬೇಡಿ. 2004ರ ವಿಧಾನಸಭೆ ಚುನಾವಣೆಯಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಎ.ಆರ್. ಕೃಷ್ಣಮೂರ್ತಿ ಎದುರು ಒಂದೇ ಒಂದು ಮತದಿಂದ ಗೆದ್ದರು. ಕೃಷ್ಣಮೂರ್ತಿ ಅವರ ಕಾರಿನ ಡ್ರೈವರಿಗೆ ಆ ದಿನ ವೋಟು ಹಾಕೋಕೆ ಬಿಡುವೇ ಸಿಗಲಿಲ್ಲ ಅನ್ನುವ ಮಾತು ಇವತ್ತಿಗೂ ಓಡಾಡುತ್ತದೆ.

ಡ್ರೈವರ್ ಅಂದಾಗ ನನ್ನ ಚಿಕ್ಕಪ್ಪನ ಮಗ ನೆನಪಾಗುತ್ತಾನೆ. ಬೆಂಗಳೂರಿನಲ್ಲಿ ಹನ್ನೊಂದು ವರ್ಷದಿಂದ ಕ್ಯಾಬ್ ಓಡಿಸುತ್ತಾನೆ, ವೋಟು ಇರುವುದು ಊರಿನಲ್ಲಿ. ಎಲ್ಲಿ ಸಾಮಾನ್ಯವಾಗಿ ವಾಸ ಇದ್ದೀಯೋ ಅಲ್ಲೇ ಹೆಸರಿರಬೇಕು ಅಂತ ಕಾನೂನು ಹೇಳುತ್ತದೆ, ನಮೂನೆ 8 ಹಾಕೋ ಅಂದೆ. ಬಿಹಾರದಲ್ಲಿ 2025ರ ಮತದಾರರ ಪಟ್ಟಿ ಪರಿಷ್ಕರಣೆಯಲ್ಲಿ ಕರಡು ಪಟ್ಟಿಯಿಂದ 65 ಲಕ್ಷ ಹೆಸರು ಬಿದ್ದುಹೋದದ್ದನ್ನೂ, ಅದರಲ್ಲಿ ಊರು ಬಿಟ್ಟವರು, ಮನೆಯಲ್ಲಿ ಸಿಗದವರು ಅಂತ ತೆಗೆದದ್ದೇ ಜಾಸ್ತಿ ಅನ್ನುವುದನ್ನೂ ಹೇಳಿದೆ.

"ಹೇಳೋದೇನೋ ಸರಿ ಕಣಣ್ಣ" ಅಂದ. "ಇಲ್ಲಿಗೆ ಹಾಕಿಸಿಕೊಂಡ್ರೆ ಊರಲ್ಲಿ ಪಂಚಾಯ್ತಿ ವೋಟೂ ಹೋಗುತ್ತೆ. ನಾಳೆ ಸೈಟು, ಪೈಪ್‌ಲೈನು ಅಂತ ಹೋದ್ರೆ, ನೀನ್ಯಾರಪ್ಪ ಅಂತಾರೆ."

ಅವನು ಹೇಳಿದ್ದು ನಿಜ. ಗ್ರಾಮ ಪಂಚಾಯ್ತಿಗೂ ಇದೇ ಪಟ್ಟಿಯೇ ಆಧಾರ. ಊರಿನ ವೋಟು ಅಂದರೆ ಐದು ವರ್ಷಕ್ಕೊಮ್ಮೆ ಒತ್ತುವ ಗುಂಡಿ ಮಾತ್ರ ಅಲ್ಲ, ಊರಿನಲ್ಲಿ ನಾನಿನ್ನೂ ಇದ್ದೇನೆ ಅನ್ನೋಕೆ ಇರುವ ದಾಖಲೆ. ಆದರೂ ಹೋದ ತಿಂಗಳು ಫೋನಿನಲ್ಲೇ ನಮೂನೆ ತೆರೆದ. ವಿಳಾಸದ ದಾಖಲೆ ಕೇಳಿತು. ಬಾಡಿಗೆ ಕರಾರು ಇದ್ದರೆ ಅದು ನೋಂದಣಿ ಆಗಿರಬೇಕು. ಅವನ ಹತ್ತಿರ ಇದ್ದದ್ದು ಬೆಂಗಳೂರಿನ ಎಲ್ಲರ ಹತ್ತಿರ ಇರುವಂಥ ಹನ್ನೊಂದು ತಿಂಗಳ ಸ್ಟಾಂಪ್ ಪೇಪರ್. ಆಧಾರ್ ಇನ್ನೂ ಊರಿನದು. ಕರೆಂಟ್ ಬಿಲ್ಲು ಓನರ್ ಹೆಸರಲ್ಲಿ. ದಾಖಲೆ ಯಾವುದೂ ಇಲ್ಲದಿದ್ದರೆ ಬಿಎಲ್‌ಒ ಬಂದು ಮನೆ ನೋಡಿ ಖಾತ್ರಿ ಮಾಡಿಕೊಳ್ಳಬಹುದು, ಅದಕ್ಕೂ ಅವಕಾಶ ಇದೆ ಅಂದೆ. ಅವರು ಬರೋದು ಹಗಲು ಹೊತ್ತು, ನಾನು ಇರೋದು ಏರ್‌ಪೋರ್ಟ್ ರೋಡಲ್ಲಿ ಅಂತ ನಕ್ಕು, ಫೋನು ಡ್ಯಾಶ್‌ಬೋರ್ಡಿನ ಸ್ಟ್ಯಾಂಡಿಗೆ ಸಿಕ್ಕಿಸಿ, ಬಂದಿದ್ದ ಬುಕಿಂಗ್ ಒಪ್ಪಿಕೊಂಡ.